ಗೇರೆಣ್ಣೆ ಹಚ್ಚಿದ ಕೋಳಿಗರಿ

ಮೊನ್ನೆ ನೀವೆಲ್ಲ ಹಿತ್ತಿಲಲ್ಲಿ ಗೇರುಬೀಜ ಸುಟ್ಟಿರಲ್ಲ, ಆ ಹೊಗೆ ಅಡುಗೆಮನೆಗೆ ಬಂದಾಗ ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಸುಮ್ಮನೆ ನಿಂತೆ. ಅಷ್ಟರಲ್ಲಿ ಸ್ವಾತಿ ಕೈ ಹಿಡಿದುಕೊಂಡು ಬಂದಳು. ಬೀಜದ ಎಣ್ಣೆ ಸಿಡಿದು ಅವಳ ಮುಂಗೈ ಸುಟ್ಟಿತ್ತು. ನಾನು ತೆಂಗಿನೆಣ್ಣೆ ಹಚ್ಚುತ್ತಿರುವಾಗ ಅವಳು ನನ್ನ ಎಡಗೈಯ ಮೊಣಗಂಟಿನ ಹಿಂದಿನ ಗುರುತು ನೋಡಿ, "ಅಜ್ಜಿ, ನಿಮಗೂ ಸಣ್ಣದಿರುವಾಗ ಸಿಡಿದದ್ದಾ?" ಎಂದು ಕೇಳಿದಳು.

"ಹೌದು" ಎಂದೆ. ನಿಮ್ಮ ಅಪ್ಪಂದಿರು ಕೇಳಿದಾಗಲೂ ಅಷ್ಟೇ ಹೇಳಿದ್ದೆ.

ಅದು ಸಿಡಿದದ್ದಲ್ಲ, ಹಚ್ಚಿದ್ದು. ಇವೆರಡನ್ನೂ ಬೇರೆ ಬೇರೆಯಾಗಿ ಕಂಡವರು ನನ್ನ ಬದುಕಿನಲ್ಲಿ ಒಬ್ಬರೇ. ಅವರು ಚಿತ್ರ ಬರೆಯಲು ಕಲಿತು ಆಮೇಲೆ ಡಾಕ್ಟರಾಗಲು ಹೊರಟವರು. ಬಾಯಿಬಿಟ್ಟು ಹೇಳಲು ನನಗೆ ಈ ವಯಸ್ಸಿನಲ್ಲಿಯೂ ನಾಚಿಕೆ. ಬರೆದರೆ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಎಂಟನೆಯ ಕ್ಲಾಸಿನವರೆಗೆ ಕಲಿತ ಕನ್ನಡ ಇದಕ್ಕೆ ಸಾಕು ಎಂದುಕೊಂಡಿದ್ದೇನೆ.

ಆಗ ನಾವು ಪುಂಜಾಲಕಟ್ಟೆಯ ಹತ್ತಿರ ಇದ್ದೆವು. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿ ಅಮ್ಮ ಮತ್ತು ನಾನು. ಬೇಕಾದದ್ದನ್ನು ನೋಡಿಕೊಳ್ಳಲು ಅಮ್ಮನ ಅಣ್ಣ, ನನ್ನ ಮಾವ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ನಾನು ಶಾಲೆ ಬಿಟ್ಟು ಕೆಲವು ವರ್ಷ ಆಗಿತ್ತು. ಮೂಡುಬಿದಿರೆಯ ಕಡೆಯಿಂದ ಒಂದು ಸಂಬಂಧ ಬರುವ ಮಾತು ನಡೆಯುತ್ತಿತ್ತು. ಹುಡುಗನಿಗೆ ಪೇಟೆಯಲ್ಲಿ ಸೈಕಲ್ ಅಂಗಡಿ ಎಂದು ಮಾವ ಹೇಳಿದ್ದರು.

ಆ ವರ್ಷ ಗೇರು ಚೆನ್ನಾಗಿ ಬಂದಿತ್ತು. ಗುಡ್ಡೆಯಿಡೀ ಕೊಳೆತ ಗೇರುಹಣ್ಣಿನ ವಾಸನೆ. ಬಿಸಿಲಿಗೆ ಮಾರ್ಗದ ಕೆಂಪು ಧೂಳು ಎದ್ದು, ಬಸ್ಸು ಹೋಗಿ ಎಷ್ಟು ಹೊತ್ತಾದರೂ ಕೆಳಗೆ ಇಳಿಯುತ್ತಿರಲಿಲ್ಲ. ಅಂಥ ಒಂದು ಮಧ್ಯಾಹ್ನ ಶಾಲೆಯ ಹೆಡ್ಮಾಸ್ಟ್ರು ಒಬ್ಬ ಹೆಂಗಸನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಎಣ್ಣೆಗಪ್ಪು ಬಣ್ಣ, ಕನ್ನಡಕ, ಹೆಗಲಲ್ಲಿ ಬಟ್ಟೆಯ ಚೀಲ. ಕಂಕುಳಲ್ಲಿ ದೊಡ್ಡ ರಟ್ಟಿನ ಹಲಗೆ.

"ಇವರು ಮೈಸೂರು ಕಡೆಯವರು, ಡಾಕ್ಟ್ರು ಕಲಿಯುತ್ತಿದ್ದಾರೆ. ರಜೆಯಲ್ಲಿ ಸರ್ವೆಗೆ ಬಂದಿದ್ದಾರೆ, ಸಂಬಳ ಏನೂ ಇಲ್ಲ" ಎಂದರು ಹೆಡ್ಮಾಸ್ಟ್ರು ಅಮ್ಮನಿಗೆ. "ಸರ್ವೆಯ ಗಂಡಸರು ಬೆಳ್ತಂಗಡಿಯಲ್ಲಿ ಉಳಿದಿದ್ದಾರೆ. ಇವರಿಗೆ ನಿಮ್ಮಲ್ಲಿ ಒಂದು ಮೂಲೆ ಬೇಕು. ಹೆಂಗಸರೊಟ್ಟಿಗೆ ಮಾತಾಡಲಿಕ್ಕೆ ಇವರಿಗೆ ತುಳು ಬರುವುದಿಲ್ಲ. ನಿಮ್ಮ ಗಿರಿಜೆಗೆ ಕನ್ನಡ ಚೆನ್ನಾಗಿ ಉಂಟು. ಅವಳನ್ನು ಒಟ್ಟಿಗೆ ಕಳಿಸಿ."

"ಯಾವ ಸರ್ವೆ?" ಎಂದರು ಅಮ್ಮ.

ಹೆಡ್ಮಾಸ್ಟ್ರು ದನಿ ತಗ್ಗಿಸಿದರು. "ದೊಡ್ಡ ರೋಗದ್ದು."

ಕುಷ್ಠಕ್ಕೆ ನಮ್ಮಲ್ಲಿ ಹಾಗೆ ಹೇಳುತ್ತಿದ್ದರು. ಅಮ್ಮನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ನನ್ನ ಎಡಗೈ ತಾನಾಗಿಯೇ ಸೆರಗಿನೊಳಗೆ ಹೋಯಿತು.

ಯಾಕೆಂದರೆ ಅದರ ಹಿಂದಿನ ವರ್ಷ ಮೊಣಗಂಟಿನ ಹಿಂದೆ ಒಂದು ಮಾಸಲು ಮಚ್ಚೆ ಎದ್ದಿತ್ತು. ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಅಮ್ಮ ಒಂದು ದಿನ ಅದನ್ನು ನೋಡಿದರು. ಮರುದಿನ ಹಸಿ ಗೇರುಬೀಜ ಸೀಳಿ, ಸಿಪ್ಪೆಯಿಂದ ಒಸರುವ ಎಣ್ಣೆಯನ್ನು ತೆಂಗಿನ ಗೆರಟೆಯಲ್ಲಿ ಹಿಡಿದು, ಕೋಳಿಗರಿಯಲ್ಲಿ ಅದ್ದಿ ಮಚ್ಚೆಯ ಮೇಲೆ ಹಚ್ಚಿದರು. ಬರಿಗೈಯಲ್ಲಿ ಮುಟ್ಟಿದರೆ ಬೆರಳು ಸುಡುವ ಎಣ್ಣೆ ಅದು. ನನಗೆ ಅಂಚಿನಲ್ಲಿ ಮಾತ್ರ ಉರಿಯಿತು, ನಡುವೆ ಏನೂ ಆಗಲಿಲ್ಲ. ಆಮೇಲೆ ಚರ್ಮ ಎದ್ದು, ಕಪ್ಪಾಗಿ, ಮಚ್ಚೆ ಕಾಣದ ಹಾಗೆ ಆಯಿತು. ಗೇರಿನ ಕಾಲದಲ್ಲಿ ಎಲ್ಲರ ಕೈಯೂ ಸುಟ್ಟಿರುತ್ತದೆ. ಯಾರ ಕೈಯನ್ನು ಯಾರು ಕೇಳುತ್ತಾರೆ?

ಅಮ್ಮನನ್ನು ತಪ್ಪು ತಿಳಿಯಬೇಡಿ. ಅವರ ಅಕ್ಕ, ನನ್ನ ದೊಡ್ಡಮ್ಮ, ಬೆರಳುಗಳೆಲ್ಲ ಮಡಚಿಹೋಗಿ ದನದ ಹಟ್ಟಿಯ ಆಚೆಯ ಗುಡಿಸಲಿನಲ್ಲಿ ಬದುಕಿ ಸತ್ತವರು. ಅವರಿಗೆ ದೂರದಿಂದ ಎಲೆಯಲ್ಲಿ ಊಟ ಇಟ್ಟು ಬರುತ್ತಿದ್ದ ಹುಡುಗಿ ಅಮ್ಮನೇ.

ಬಂದವರನ್ನು ಜಗಲಿಯಲ್ಲಿ ಕೂರಿಸಿ ಅಮ್ಮ ಒಳಗೆ ಬಂದರು. "ಆಗುವುದಿಲ್ಲ ಅಂದರೆ ಯಾಕೆ ಅಂತ ಕೇಳ್ತಾರೆ" ಎಂದು ನನ್ನ ಕಿವಿಯಲ್ಲಿ ಹೇಳಿದರು. "ಹೋಗು. ಉದ್ದ ತೋಳಿನ ರವಿಕೆ ಹಾಕಿಕೋ."

ಹೀಗೆ ಅವರು, ವಸುಧಕ್ಕ, ನಮ್ಮ ಮನೆಯಲ್ಲಿ ಉಳಿದರು.

ಅವರ ಕೆಲಸ ನೋಡಿ ನನಗೆ ಮೊದಲು ಆಶ್ಚರ್ಯವಾಯಿತು. ಉಳಿದ ಸರ್ವೆಯವರು ಮೈ ನೋಡಿ, ಬರೆದುಕೊಂಡು, ಮುಂದಿನ ಮನೆಗೆ ಹೋಗುತ್ತಿದ್ದರು. ಇವರು ನೋಡಿದ್ದನ್ನು ಚಿತ್ರ ಬರೆಯುತ್ತಿದ್ದರು. ಹಲಗೆಯ ಮೇಲೆ ಕಾಗದ ಸಿಕ್ಕಿಸಿ, ಗೆರಟೆಯಲ್ಲಿ ನೀರಿಟ್ಟುಕೊಂಡು, ಬಣ್ಣ ಕಲಸಿ ಕಲಸಿ ನಮ್ಮ ಚರ್ಮದ ಪಕ್ಕ ಹಿಡಿದು ನೋಡುತ್ತಿದ್ದರು. ಅವರು ಓದುವ ಪುಸ್ತಕಗಳಲ್ಲಿ ಇದ್ದದ್ದು ಬಿಳಿಯರ ಮೈಯ ಚಿತ್ರಗಳಂತೆ. ನಮ್ಮ ಬಣ್ಣದ ಮೈಮೇಲೆ ರೋಗ ಮೊದಲಿಗೆ ಹೇಗೆ ಕಾಣುತ್ತದೆ ಎಂದು ತೋರಿಸುವ ಹಾಳೆಗಳನ್ನು ಮಾಡಬೇಕು ಎನ್ನುವುದು ಅವರ ಸಂಶೋಧನೆ. ಅವರ ಪ್ರೊಫೆಸರು ಒಪ್ಪಿದ್ದರು. ಒಟ್ಟಿಗೆ ಕಲಿಯುವವರು ನಕ್ಕಿದ್ದರು.

ಹೆಂಗಸರು ಸೇರುತ್ತಿದ್ದದ್ದು ಐಸಮ್ಮನ ಮನೆಯಲ್ಲಿ. ಐಸಮ್ಮನ ಗಂಡನಿಗೆ ಗೇರುಬೀಜದ ವ್ಯಾಪಾರ. ಜಗಲಿ ದೊಡ್ಡದಿತ್ತು, ಅಡ್ಡಕ್ಕೆ ಹೊದಿಕೆ ಕಟ್ಟಿದರೆ ಮರೆ. ಐಸಮ್ಮನ ಬಾಯಿಗೆ ಹೆದರದವರಿಲ್ಲ. ವಸುಧಕ್ಕ ಮೊದಲ ದಿನ ಅವರ ತೋಳಿನ ಬಣ್ಣ ಕಲಸುತ್ತಿರುವಾಗ ಐಸಮ್ಮ ಬಗ್ಗಿ ನೋಡಿ ನನಗೆ ತುಳುವಿನಲ್ಲಿ ಹೇಳಿದರು, "ಇಷ್ಟು ಕಪ್ಪು ಮಾಡುವುದು ಬೇಡ ಅಂತ ಹೇಳು ಮಗಾ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ."

ನಾನು ಕನ್ನಡದಲ್ಲಿ ಹೇಳಿದೆ. ವಸುಧಕ್ಕ ನಗದೆ, ತನ್ನ ತೋಳನ್ನು ಐಸಮ್ಮನ ತೋಳಿನ ಪಕ್ಕ ಇಟ್ಟರು. "ನನಗಿಂತ ಅವರೇ ಬೆಳ್ಳಗಿದ್ದಾರೆ ಅಂತ ಹೇಳು."

ಜಗಲಿಯಿಡೀ ನಕ್ಕಿತು. ಅಂದಿನಿಂದ ಹೆಂಗಸರಿಗೆ ಹೆದರಿಕೆ ಕಡಿಮೆಯಾಯಿತು.

ಚಿತ್ರ ಬರೆದಾದ ಮೇಲೆ ಪರೀಕ್ಷೆ. ಹೆಂಗಸರು ಕಣ್ಣು ಮುಚ್ಚಬೇಕು, ವಸುಧಕ್ಕ ಗರಿಯ ತುದಿಯಿಂದ ಚರ್ಮವನ್ನು ಮುಟ್ಟುತ್ತಾರೆ, ಮುಟ್ಟಿದ ಜಾಗಕ್ಕೆ ಅವರು ಬೆರಳಿಡಬೇಕು. ಹತ್ತಿ ತಂದಿದ್ದರು, ಅದು ಮುಗಿದ ಮೇಲೆ ನಮ್ಮ ಹಿತ್ತಿಲಿನ ಕೋಳಿಗರಿಯೇ ಆಯಿತು. ಗರಿ ನೋಡಿದಾಗಲೆಲ್ಲ ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದೆ. ಕೆಲವರಿಗೆ ಮಚ್ಚೆಯ ಜಾಗದಲ್ಲಿ ಮುಟ್ಟಿದ್ದು ತಿಳಿಯುತ್ತಿರಲಿಲ್ಲ. ಆಗ ಅವರು ನನ್ನ ಮುಖ ನೋಡಿ ಮೆಲ್ಲಗೆ, "ಎಂಕ್ ಅಲ್ಪ ಗೊತ್ತಾಪುಜಿ" ಎನ್ನುತ್ತಿದ್ದರು. "ಅವರಿಗೆ ಅಲ್ಲಿ ಗೊತ್ತಾಗುವುದಿಲ್ಲವಂತೆ" ಎಂದು ನಾನು ಹೇಳುತ್ತಿದ್ದೆ. ಶಾಲೆಯಲ್ಲಿ ಪಾಠ ಓದಲು ನಿಲ್ಲಿಸಿದರೆ ಅಳುತ್ತಿದ್ದವಳು ನಾನು. ಈಗ ಬೇರೆಯವರ ಗುಟ್ಟನ್ನು ದಿನವೂ ಬಾಯಿಬಿಟ್ಟು ಹೇಳುತ್ತಿದ್ದೆ, ನನ್ನದನ್ನು ತೋಳಿನೊಳಗೆ ಇಟ್ಟುಕೊಂಡು.

ಸಂಜೆ ವಸುಧಕ್ಕ ನಮ್ಮ ಜಗಲಿಯಲ್ಲಿ ಕೂತು ಬ್ರಷ್ಷು ತೊಳೆಯುತ್ತಿದ್ದರು. ಬೊಟ್ಟು ನೀರು ಕೂಡ ಚೆಲ್ಲದೆ ದಾಸವಾಳದ ಬುಡಕ್ಕೆ ಹೊಯ್ಯುತ್ತಿದ್ದರು. ಒಂದು ದಿನ ಅಮ್ಮ ತನಗೆ ಬರುವಷ್ಟು ಕನ್ನಡದಲ್ಲಿ ಕೇಳಿಯೇ ಬಿಟ್ಟರು.

"ಚಿತ್ರ ಕಲಿತವರು ಇದಕ್ಕೆ ಯಾಕೆ ಬಂದಿರಿ?"

"ಮದರಾಸಿನಲ್ಲಿ ಚಿತ್ರ ಕಲಿತೆ ಅಮ್ಮ. ಮುಗಿದ ಮೇಲೆ ಮೆಡಿಕಲ್ ಕಾಲೇಜಿನಲ್ಲಿ ಪಾಠಕ್ಕೆ ಬೇಕಾದ ಚಿತ್ರ ಬರೆಯೋ ಕೆಲಸ ಸಿಕ್ಕಿತು. ಒಂದು ಕೈ ಬರೆಯೋಕೆ ಹೇಳಿದ್ರು. ಚರ್ಮ ಬಿಡಿಸಿದ ಕೈ. ತಿಂಗಳುಗಟ್ಟಲೆ ಅದೊಂದನ್ನೇ ಬರೆದೆ."

"ಯಾರ ಕೈ?"

"ಸತ್ತವರದ್ದು."

ಅಮ್ಮ ಒಳಗೆ ಬಂದು ನನಗೆ ತುಳುವಿನಲ್ಲಿ ಪಿಸುಗುಟ್ಟಿದರು, "ಹೆಣದ ಕೈ ಹಿಡಿದ ಕೈಯಲ್ಲಿ ನಮ್ಮ ಬಟ್ಟಲಲ್ಲಿ ಉಂಡರಲ್ಲ." ಆದರೆ ಆ ದಿನವೂ ಅವರ ಬಟ್ಟಲಿಗೆ ತುಪ್ಪ ಬಡಿಸಿದರು.

ವಸುಧಕ್ಕ ನನಗೆ ಉಳಿದದ್ದನ್ನು ಹೇಳಿದರು. ಆ ಕೈಯ ಒಂದೊಂದು ನರ, ಒಂದೊಂದು ಹುರಿ ಬರೆದರೂ ಅದು ಹೇಗೆ ಮಡಚುತ್ತಿತ್ತು, ಏನನ್ನು ಹಿಡಿಯುತ್ತಿತ್ತು ಎಂದು ಗೊತ್ತಾಗಲಿಲ್ಲವಂತೆ. ಅದನ್ನು ತಿಳಿಯಲೇಬೇಕು ಎಂದು ಹಟ ಹಿಡಿದು, ಮತ್ತೆ ಇಂಟರ್‌ಮೀಡಿಯೆಟ್‌ಗೆ ಸೇರಿ, ಮೀಸೆ ಬಾರದ ಹುಡುಗರ ಜೊತೆ ವಿಜ್ಞಾನ ಓದಿ, ಮೆಡಿಕಲ್ ಸೇರಿದವರು. ಆ ಹುಡುಗರು ಅವರಿಗೆ 'ಅಜ್ಜಿ' ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ಅಪ್ಪ ಮಾತು ಬಿಟ್ಟಿದ್ದರು.

"ಕಲಿತದ್ದು ಎಲ್ಲ ದಂಡ ಆಯ್ತು ಅಂತ ಅನಿಸುವುದಿಲ್ಲವಾ ಅಕ್ಕ?" ಎಂದೆ.

"ಇನ್ನೂ ಗೊತ್ತಿಲ್ಲ ಗಿರಿಜಾ" ಎಂದರು.

ಅದು ಗೊತ್ತಾದದ್ದು ಅಮ್ಮ ಅಂಗಳದಲ್ಲಿ ಬೀಜ ಸುಟ್ಟ ದಿನ. ವಸುಧಕ್ಕ ಗೇರುಬೀಜ ಸುಡುವುದನ್ನು ನೋಡಿದವರಲ್ಲ. ಹಲಗೆ ಹಿಡಿದು ಹತ್ತಿರವೇ ಕೂತರು. ಬೀಜ ಚಟಚಟ ಎಂದು ಎಣ್ಣೆ ಹಾರಿತು. ನಮ್ಮ ಪಕ್ಕದ ಮನೆಯ ಮಕ್ಕಳು ಕಿರುಚಿ ಓಡಿದರು. ವಸುಧಕ್ಕ ಮಾತ್ರ ಅಲ್ಲೇ ಕೂತು ತನ್ನ ಕಾಗದದ ಮೇಲೆ ಬಿದ್ದ ಎಣ್ಣೆಯ ಹನಿಗಳನ್ನೇ ನೋಡುತ್ತಿದ್ದರು. ಒಂದು ದೊಡ್ಡ ಹನಿ, ಸುತ್ತ ಸಣ್ಣ ಸಣ್ಣ ಹನಿ, ಕೆಲವಕ್ಕೆ ಬಾಲ. ಬಹಳ ಹೊತ್ತು ನೋಡಿದರು. ಅಮ್ಮ ಅವರನ್ನು ನೋಡುತ್ತಿದ್ದರು.

ಮರುದಿನ ಐಸಮ್ಮನ ಜಗಲಿಯಲ್ಲಿ ಒಬ್ಬ ಹೆಂಗಸಿನ ಬೆನ್ನಿನ ಗುರುತನ್ನು ಬರೆಯುವಾಗ ವಸುಧಕ್ಕ ಬ್ರಷ್ಷನ್ನು ಕೆಳಗಿಟ್ಟರು.

"ಗಿರಿಜಾ, ಇವರನ್ನೆಲ್ಲ ಒಂದು ಕೇಳು. ಎಣ್ಣೆ ಸಿಡಿಯೋದು ಮುಖಕ್ಕೆ, ಬೆರಳಿಗೆ, ಮುಂಗೈಗೆ. ಇವರಿಗೆ ಬೆನ್ನಿಗೆ, ತೋಳಿನ ಹಿಂದಕ್ಕೆ ಹೇಗೆ ತಾಗುತ್ತೆ? ಸಿಡಿದದ್ದಾದರೆ ಸುತ್ತ ಹನಿ ಇರಬೇಕು. ಇದು ಒಂದೇ ಅಂಚು, ಎಳೆದ ಗೆರೆ. ನಾನು ಐದು ವರ್ಷ ಬಣ್ಣ ಹಚ್ಚಿದವಳು. ಇದು ಸಿಡಿದದ್ದಲ್ಲ, ಯಾರೋ ಹಚ್ಚಿದ್ದು."

ನಾನು ಅದನ್ನು ಹೇಳಿದ ಹಾಗೆಯೇ ತುಳುವಿನಲ್ಲಿ ಹೇಳಿದೆ. ಒಬ್ಬರು ಸೆರಗು ಎಳೆದುಕೊಂಡರು. ಕೊನೆಗೆ ಐಸಮ್ಮ ಬಾಯಿಯ ವೀಳ್ಯ ಉಗಿದು ಬಂದು ಕೂತರು.

"ಹೌದು, ಹಚ್ಚುವುದೇ. ನಾನೂ ಹಚ್ಚಿದ್ದೇನೆ" ಎಂದು ರವಿಕೆಯ ತೋಳು ಮೇಲೆತ್ತಿದರು. "ಗೇರಿನ ಕಾಲ ಬರುವವರೆಗೆ ಮುಚ್ಚಿಟ್ಟುಕೊಳ್ಳುವುದು, ಬಂದ ಮೇಲೆ ಹಚ್ಚುವುದು. ಮತ್ತೆ ಯಾರು ಕೇಳ್ತಾರೆ? ನಿಮ್ಮ ಅಕ್ಕನ ಕಣ್ಣಿಗೆ ಮಾತ್ರ ಬಿತ್ತು ನೋಡು. ಈಗ ನನ್ನದನ್ನು ಮುಟ್ಟಿ ಹೇಳಲಿ."

ಐಸಮ್ಮ ಕಣ್ಣು ಮುಚ್ಚಿದರು. ಗರಿ ಮುಟ್ಟಿದ ಕಡೆಯಲ್ಲೆಲ್ಲ ಅವರ ಬೆರಳು ಸರಿಯಾಗಿ ಬಿತ್ತು. "ಇದು ಬರೀ ಹುಳುಕಡ್ಡಿ" ಎಂದರು ವಸುಧಕ್ಕ. ಐಸಮ್ಮ ಕಣ್ಣು ತೆರೆದು, "ಹುಳುಕಡ್ಡಿಗೆ ನಾಲ್ಕು ವರ್ಷ ಉರಿ ತಿಂದೆನಲ್ಲ" ಎಂದು ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು. ಉಳಿದವರು ಆಮೇಲೆ ಒಬ್ಬೊಬ್ಬರಾಗಿ ಬಂದರು.

ಮನೆಗೆ ಹಿಂತಿರುಗುವಾಗ ಗುಡ್ಡೆ ಹತ್ತುವಲ್ಲಿ ನಾನು ನಿಂತೆ. ಅಷ್ಟು ದಿನ ತುಳುವಿನಿಂದ ಕನ್ನಡಕ್ಕೆ ತಿರುಗಿಸಿದ ಮಾತು, ನನ್ನದೇ ಸರದಿ ಬಂದಾಗ ಕನ್ನಡದಲ್ಲಿ ಬರಲೇ ಇಲ್ಲ.

"ಅಕ್ಕಾ, ಎಂಕ್‌ಲಾ ಅಲ್ಪ ಗೊತ್ತಾಪುಜಿ" ಎಂದೆ. ನನಗೂ ಅಲ್ಲಿ ಗೊತ್ತಾಗುವುದಿಲ್ಲ.

ಅಷ್ಟು ಹೆಂಗಸರ ಬಾಯಿಂದ ಕೇಳಿ ಕೇಳಿ ಅವರಿಗೆ ಆ ಒಂದು ತುಳು ಮಾತು ಬರುತ್ತಿತ್ತು. ಗೇರುಮರದ ಕೆಳಗೆ ಕೂರಿಸಿ ನನ್ನ ತೋಳನ್ನು ಮಡಚಿ ನೋಡಿದರು. ಗಂಟಿನ ಹಿಂದೆ ಹೆಬ್ಬೆರಳಿನಿಂದ ಒತ್ತಿದರು. ನಾನು ಚೀರಿದೆ.

"ಈ ನರ ದಪ್ಪ ಆಗಿದೆ" ಎಂದರು. ಕಿರುಬೆರಳನ್ನೂ ಪಕ್ಕದ ಬೆರಳನ್ನೂ ಹಿಡಿದುಕೊಂಡರು. "ಇದೇ ನರ ಈ ಎರಡು ಬೆರಳಿಗೆ ಬರೋದು. ನಾನು ಬರೆದ ಕೈಯಲ್ಲಿ ಇದನ್ನ ಎಷ್ಟು ಸಲ ಬರೆದಿದ್ದೀನೋ. ಹೀಗೇ ಬಿಟ್ಟರೆ ಇವೆರಡೂ ಮಡಚಿಕೊಳ್ತವೆ. ಮಾತ್ರೆ ತಗೊಂಡರೆ ಉಳಿಯುತ್ತೆ. ಆದರೆ ನಾನು ಇನ್ನೂ ಡಾಕ್ಟರ್ ಅಲ್ಲ. ದೊಡ್ಡ ಡಾಕ್ಟರಿಗೆ ತೋರಿಸೋಣ."

ಪಾಣೆಮಂಗಳೂರಿಗೆ ಸೀರೆ ತರಲು ಹೋಗುತ್ತೇವೆ ಎಂದು ನೆರೆಯವರಿಗೆ ಹೇಳಿ ನಾವಿಬ್ಬರೂ ಬಸ್ಸು ಹತ್ತಿದೆವು. ಬಂಟ್ವಾಳದ ಕಡೆಯಿದ್ದ ಚಿಕಿತ್ಸಾ ಕೇಂದ್ರದಲ್ಲಿ ದೊಡ್ಡ ಡಾಕ್ಟ್ರು ವಸುಧಕ್ಕ ಹೇಳಿದ್ದನ್ನೇ ಹೇಳಿದರು. ಇದು ಹರಡುವ ಜಾತಿಯದ್ದಲ್ಲ, ಬೇಗ ಸಿಕ್ಕಿದೆ, ಕೆಲವು ವರ್ಷ ತಪ್ಪದೆ ಮಾತ್ರೆ ನುಂಗಬೇಕು ಎಂದರು. ಸೀರೆ ತಾರದೆ ಬಂದರೆ ಸಂಶಯ ಬರುತ್ತದೆಂದು ವಸುಧಕ್ಕ ತನ್ನ ದುಡ್ಡಿನಲ್ಲಿ ನನಗೊಂದು ಹಸುರು ಸೀರೆ ಕೊಡಿಸಿದರು.

ಮನೆಗೆ ಬಂದು ನಾವು ಎಲ್ಲ ಹೇಳಿದ ಮೇಲೆ ಅಮ್ಮ ಆ ದಿನ ಊಟ ಮಾಡಲಿಲ್ಲ.

"ನೀನು ಯಾಕೆ ಬಾಯಿಬಿಟ್ಟೆ? ಬರುವ ವಾರ ಮೂಡುಬಿದಿರೆಯವರು ಬರ್ತಾರೆ" ಎಂದರು ನನಗೆ. ವಸುಧಕ್ಕನ ಕಡೆ ತಿರುಗಿ, "ನನ್ನ ಅಕ್ಕನ ಕೈಯನ್ನು ನೀವು ನೋಡಲಿಲ್ಲ" ಎಂದರು. ಅದನ್ನು ಕನ್ನಡದಲ್ಲಿಯೇ ಹೇಳಿದರು, ಹುಡುಕಿ ಹುಡುಕಿ.

"ಅಂಥ ಕೈ ನೋಡಿದ್ದೀನಿ ಅಮ್ಮ. ನಿಮ್ಮ ಮಗಳದ್ದು ಹಾಗಾಗಬಾರದು ಅಂತಾನೇ ನೀವು ಹಚ್ಚಿದ್ದು. ಆದರೆ ಆ ಎಣ್ಣೆ ಚರ್ಮ ಸುಡುತ್ತೆ, ಒಳಗಿನ ರೋಗಕ್ಕೆ ಅದು ಮುಟ್ಟೋದಿಲ್ಲ."

"ಮಾತ್ರೆಯನ್ನು ಗಂಡನ ಮನೆಯಲ್ಲಿ ಎಲ್ಲಿ ಅಡಗಿಸಿಡುವುದು?"

ವಸುಧಕ್ಕ ನನ್ನ ಕಡೆ ತಿರುಗಿದರು. "ಅದನ್ನ ಗಿರಿಜಾ ಹೇಳಬೇಕು" ಎಂದರು.

ಮೂಡುಬಿದಿರೆಯವರು ಬರುವ ದಿನ ಸರ್ವೆಯ ಡಾಕ್ಟರಮ್ಮ ಮನೆಯಲ್ಲಿದ್ದರೆ ಅವರು ಏನೆಂದುಕೊಂಡಾರು ಎಂದು ಅಮ್ಮನಿಗೆ ಹೆದರಿಕೆ. ಅಮ್ಮ ಕೇಳುವ ಮೊದಲೇ ವಸುಧಕ್ಕ ತನ್ನ ಹಲಗೆ ಚೀಲ ಎತ್ತಿಕೊಂಡು ಬೆಳಗಿನ ಬಸ್ಸಿಗೆ ಬೆಳ್ತಂಗಡಿಗೆ ಹೋದರು.

ಮೂಡುಬಿದಿರೆಯಿಂದ ನಾಲ್ಕು ಜನ ಬಂದರು. ಮಾವ ಹಿರಿಯರನ್ನು ಒಳಗೆ ಕರೆದೊಯ್ದರು. ಹುಡುಗ ಹಿಂದೆ ಉಳಿದು ಅಂಗಳದ ಬದಿಯಲ್ಲಿ ಕಾಲು ತೊಳೆಯಲು ನಿಂತರು. ನೀರು ಕೊಡು ಎಂದು ಅಮ್ಮ ಕಣ್ಸನ್ನೆ ಮಾಡಿದರು. ಚೊಂಬು ಹಿಡಿದು ಹೋದೆ. ಅವರ ಉಗುರಿನ ಸಂದಿಯಲ್ಲಿ ಸೈಕಲ್ಲಿನ ಮಸಿ ಇತ್ತು, ಎಷ್ಟು ತಿಕ್ಕಿದರೂ ಹೋಗದ್ದು. ಅದನ್ನು ನೋಡಿ ನನಗೆ ಹೇಗೋ ಧೈರ್ಯ ಬಂತು. ನೀರು ಹೊಯ್ಯುತ್ತಲೇ ಹೇಳಿದೆ. ಆ ಮಾತನ್ನು ಬೇರೆಯವರಿಗಾಗಿ ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿತ್ತು.

"ನನ್ನ ಎಡಗೈಯಲ್ಲಿ ಒಂದು ಕಡೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ದೊಡ್ಡ ರೋಗದ ಸುರು. ಒಳಗೆ ಯಾರೂ ಹೇಳುವುದಿಲ್ಲ."

ಅವರು ಕಾಲು ತಿಕ್ಕುವುದನ್ನು ನಿಲ್ಲಿಸಿದರು. ಆಮೇಲೆ ಕೇಳಿದರು, "ಮದ್ದು ಉಂಟಾ?"

"ಉಂಟು."

"ತಿಂತಾ ಇದ್ದೀರಾ?"

"ಹೂಂ."

"ಯಾರು ಕಂಡುಹಿಡಿದದ್ದು?"

"ನಮ್ಮಲ್ಲಿ ಉಳಿದಿರುವ ಅಕ್ಕ. ಚಿತ್ರ ಬರೆಯುವವರು. ಇವತ್ತು ಬೆಳ್ತಂಗಡಿಗೆ ಹೋಗಿದ್ದಾರೆ."

"ಟ್ಯೂಬಿನಲ್ಲಿ ತೂತು ಎಲ್ಲಿ ಅಂತ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ" ಎಂದು ನೆಲ ನೋಡಿಕೊಂಡೇ ಹೇಳಿದರು. "ನೀರು ಹೊಯ್ಯಿರಿ. ಸಾಬೂನು ಹಾಗೇ ಉಂಟು."

ಅಷ್ಟೇ. ಒಳಗೆ ಹೋಗಿ ಅವಲಕ್ಕಿ ತಿಂದರು. ಹಿರಿಯರು ಆಮೇಲೆ ತಿಳಿಸುತ್ತೇವೆ ಎಂದು ಹೋದರು. ನಾನು ಏನು ಹೇಳಿದೆ ಎಂದು ಅಮ್ಮನಿಗೆ ಹೇಳಿದಾಗ ಅವರು ಬೈಯಲೂ ಇಲ್ಲ. ಗೋಡೆಗೆ ಒರಗಿ ಕೂತುಬಿಟ್ಟರು.

ದಿನಗಳು ಹೋದವು. ಮೂಡುಬಿದಿರೆಯಿಂದ ಸುದ್ದಿಯಿಲ್ಲ. ಗೇರು ಮುಗಿಯಿತು. ವಸುಧಕ್ಕನ ರಜೆಯೂ ಮುಗಿಯಿತು. ಹೊರಡುವ ಬೆಳಿಗ್ಗೆ ಅವರು ನನ್ನ ಎಡಗೈಯನ್ನು ಹಲಗೆಯ ಮೇಲೆ ಇಡಿಸಿ ಬರೆದರು, ಮೊಣಗಂಟಿನಿಂದ ಕಿರುಬೆರಳಿನವರೆಗೆ. ಒಂದು ಕೋಳಿಗರಿಯನ್ನು ತೊಳೆದು ನನ್ನ ಕೈಗೆ ಕೊಟ್ಟು, "ವಾರಕ್ಕೊಮ್ಮೆ ಯಾರಾದರೂ ಮುಟ್ಟಿ ನೋಡಲಿ. ನೀನೇ ಮುಟ್ಟಿಕೊಂಡರೆ ಆಗಲ್ಲ, ಕೈಗೆ ಮೊದಲೇ ಗೊತ್ತಾಗಿಬಿಡುತ್ತೆ" ಎಂದರು. ಯಾರಾದರೂ ಎಂದರೆ ಯಾರು ಎಂದು ನಾನು ಕೇಳಲಿಲ್ಲ. ಅಮ್ಮ ಅವರ ಚೀಲಕ್ಕೆ ಸುಲಿದ ಗೇರುಬೀಜ ತುಂಬಿ ಕೊಟ್ಟರು. ಬಸ್ಸು ಎಬ್ಬಿಸಿದ ಧೂಳು ಇಳಿಯುವವರೆಗೆ ನಿಂತು ನೋಡಿದೆವು.

ಮನೆಯಲ್ಲಿದ್ದ ಮಾತ್ರೆ ಮುಗಿಯುತ್ತ ಬಂದಿತ್ತು. ಬಂಟ್ವಾಳಕ್ಕೆ ಹೋಗಿ ತರುವವರಿರಲಿಲ್ಲ. ಮಾವನಿಗೆ ಹೇಳುವ ಹಾಗಿರಲಿಲ್ಲ.

ಮೊದಲ ಮಳೆ ಹಿಡಿದ ದಿನ, ಅಂಗಳದಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಒದ್ದೆಮುದ್ದೆಯಾಗಿ ಆ ಮೂಡುಬಿದಿರೆಯವರು ನಿಂತಿದ್ದರು, ಒಬ್ಬರೇ. ಅಂಗಿಯ ಜೇಬಿನಿಂದ ಸೈಕಲ್ ಟ್ಯೂಬಿನ ರಬ್ಬರಿನಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದು ಅಮ್ಮನ ಕೈಯಲ್ಲಿಟ್ಟರು. ಬಿಡಿಸಿದರೆ ಒಳಗೆ ಒದ್ದೆಯಾಗದ ಕಾಗದ, ಕಾಗದದಲ್ಲಿ ಬಿಳಿ ಮಾತ್ರೆಗಳು.

"ಅವತ್ತೇ ಇಲ್ಲಿಂದ ಬೆಳ್ತಂಗಡಿಗೆ ಹೋಗಿ ಆ ಡಾಕ್ಟರಮ್ಮನೊಟ್ಟಿಗೆ ಮಾತಾಡಿದ್ದೆ. ಇದು ಬಂಟ್ವಾಳದಿಂದ ತಂದದ್ದು. ಮದ್ದು ತಪ್ಪಬಾರದಂತೆ" ಎಂದರು. "ತಿಂಗಳು ತಿಂಗಳು ನಾನು ತರ್ತೇನೆ, ಮಾಮೀ."

ತುಳುವಿನಲ್ಲಿ ಮಾಮಿ ಎಂದರೆ ಅತ್ತೆ. ಅಮ್ಮ ಪೊಟ್ಟಣ ಹಿಡಿದುಕೊಂಡೇ ನಿಂತರು. ಆಮೇಲೆ, "ತಲೆ ಒರೆಸಿಕೊಳ್ಳಲಿಕ್ಕೆ ಬಟ್ಟೆ ಕೊಡು, ಏನು ನೋಡ್ತಾ ನಿಂತದ್ದು?" ಎಂದು ನನ್ನನ್ನೇ ಗದರಿದರು.

ಅವರೇ ನಿಮ್ಮ ಅಜ್ಜ. ವಸುಧಕ್ಕ ಕೊಡಿಸಿದ ಹಸುರು ಸೀರೆ ನನ್ನ ನಿಶ್ಚಿತಾರ್ಥದ ಸೀರೆಯಾಯಿತು.

ವಸುಧಕ್ಕ ಡಾಕ್ಟರಾದರು. ಅವರ ಬಣ್ಣದ ಹಾಳೆಗಳನ್ನು ಚಿಕಿತ್ಸಾ ಕೇಂದ್ರದ ಗೋಡೆಗೆ ತೂಗುಹಾಕಿದ್ದರು. ಮದ್ದು ತರಲು ಹೋದ ನಿಮ್ಮ ಅಜ್ಜ ಒಂದು ಸಲ ನಗುತ್ತ ಬಂದರು. "ನಿನ್ನ ಮೊಣಗಂಟು ಗೋಡೆಯಲ್ಲಿ ಉಂಟು. ಹೆಸರಿಲ್ಲ, ಮುಖವಿಲ್ಲ. ನನಗೆ ನೋಡಿದ ಕೂಡಲೇ ಗೊತ್ತಾಯಿತು." ಅದರ ಕೆಳಗೆ, ಹಚ್ಚಿದ ಗುರುತನ್ನೂ ಸಿಡಿದ ಗುರುತನ್ನೂ ಪಕ್ಕಪಕ್ಕದಲ್ಲಿ ಬರೆದಿದ್ದರಂತೆ, ಮುಂದೆ ಬರುವ ಡಾಕ್ಟರುಗಳಿಗೆ ತಿಳಿಯಲಿ ಎಂದು. ಸ್ವಾತಿ, ನೀನು ಚಿತ್ರದ ಕೋರ್ಸು ಮುಗಿಸಿ ಈಗ ನರ್ಸಿಂಗ್ ಓದುತ್ತೇನೆ ಎಂದಾಗ ನಿನ್ನಪ್ಪ ಮುಖ ಸಣ್ಣ ಮಾಡಿದ. ಅವನಿಗೆ ಇದನ್ನು ಓದಲು ಕೊಡು.

ಮಾತ್ರೆ ನಿಲ್ಲಿಸಿ ಎಷ್ಟೋ ವರ್ಷವಾಯಿತು. ಡಾಕ್ಟರು ಪೂರ್ತಿ ಗುಣವಾಗಿದೆ ಎಂದಿದ್ದಾರೆ. ನನ್ನ ಹತ್ತು ಬೆರಳೂ ನೆಟ್ಟಗಿವೆ. ನಿಮ್ಮೆಲ್ಲರ ತಲೆ ಬಾಚಿದ್ದು, ಎಣ್ಣೆ ಹಚ್ಚಿ ಮೀಯಿಸಿದ್ದು ಅವುಗಳೇ. ಆದರೂ ನಿಮ್ಮ ಅಜ್ಜ ಆ ಅಭ್ಯಾಸ ಬಿಡಲಿಲ್ಲ. ಆದಿತ್ಯವಾರ ಅಂಗಡಿಗೆ ರಜೆ. ಮಧ್ಯಾಹ್ನ ಊಟವಾದ ಮೇಲೆ ಗರಿ ಹಿಡಿದುಕೊಂಡು ಬಂದು "ಕಣ್ಣು ಮುಚ್ಚು" ಎನ್ನುತ್ತಿದ್ದರು. ಇಲ್ಲಿ? ಹೂಂ. ಇಲ್ಲಿ? ಹೂಂ. ಇಲ್ಲಿ? ಅಲ್ಲಿ ನನಗೆ ಗೊತ್ತಾಗದಿದ್ದರೆ ಗರಿಯನ್ನು ಸರಿಯಿರುವ ಕಡೆಗೆ ತರುತ್ತಿದ್ದರು. ಅವರು ತೀರಿಹೋದ ಮೇಲೆ ಗರಿ ದೇವರ ಕೋಣೆಯ ಕಪಾಟಿನಲ್ಲಿಯೇ ಉಂಟು.

ಬರುವ ರಜೆಗೆ ಬಂದಾಗ ನಿಮ್ಮಲ್ಲಿ ಒಬ್ಬರು ಅದನ್ನು ಕಪಾಟಿನಿಂದ ತೆಗೆದುಕೊಂಡು ನನ್ನ ಹತ್ತಿರ ಬನ್ನಿ. ನಾನು ತೋಳು ಮೇಲೆತ್ತಿ, ಕಣ್ಣು ಮುಚ್ಚಿ ಕೂತಿರುತ್ತೇನೆ.